ಸೆರಗಿನ ಗಂಟಿನಲ್ಲಿದ್ದ ಐದು ಚೀಟಿ

ಸಿಂಧನೂರಿನಲ್ಲಿ ನಾನು ವಿಮೆ ಏಜೆಂಟ್ ಆಗಿ ಹದಿನಾಲ್ಕು ವರ್ಷವಾಯಿತು. ಕಳೆದ ವಾರ ಭತ್ತದ ಗದ್ದೆಯಿಂದ ಸೀದಾ ಒಬ್ಬ ಅಜ್ಜಿ ಮನೆಗೆ ಬಂದರು. ಸೆರಗಿನ ಗಂಟು ಬಿಚ್ಚಿ ಐದು ಚೀಟಿ ತೆಗೆದರು. ನೋಟ್‌ಬುಕ್ಕಿನ ಹಾಳೆ ಹರಿದು ಬರೆದದ್ದು. ನೀಲಿ ಇಂಕು ಬೆವರಿಗೆ ಹರಡಿತ್ತು. ‘ಕಂತು ಬಂತು’ ಅಂತ ಒಂದು ಸಾಲು, ಕೆಳಗೆ ಸಹಿ.

"ಇವು ನಡಿತಾವೇನವ್ವಾ?" ಅಂದರು. ನನಗೆ ಗಂಟಲು ಕಟ್ಟಿತು.

ಆ ಸಹಿ ಮಾಡಿದವರು ನನ್ನ ಜೊತೆಗೇ ಏಜೆಂಟ್ ಪರೀಕ್ಷೆ ಬರೆದವರು. ಮೋಸ, ಫೋರ್ಜರಿ ಕೇಸಿನಲ್ಲಿ ಕೋರ್ಟು ಅವರಿಗೆ ಶಿಕ್ಷೆ ಕೊಟ್ಟಿತು. ಆಮೇಲೆ ಕಂಪನಿ ನೋಟಿಸ್ ಕೊಟ್ಟು ಏಜೆನ್ಸಿ ರದ್ದು ಮಾಡಿತು. ಪಾಪ, ಹೊಟ್ಟೆಪಾಡು ಹೋಯಿತು ಅನ್ನುವವರಿದ್ದಾರೆ. ನಾನು ಹಾಗೆ ಅನ್ನಲಾರೆ. 1938ರ ವಿಮಾ ಕಾಯ್ದೆಯ 42ನೇ ಸೆಕ್ಷನ್ ಸುಮ್ನೆ ಬರೆದದ್ದಲ್ಲ. ಮೋಸ, ನಂಬಿಕೆ ದ್ರೋಹ, ಫೋರ್ಜರಿ ಸಾಬೀತಾದವರು ಏಜೆಂಟ್ ಆಗುವಂತಿಲ್ಲ. ಬೇರೆಯವರ ರೊಕ್ಕ ಮುಟ್ಟುವ ಕೆಲಸ ಇದು, ಅಲ್ವಾ? ಶಿಕ್ಷೆ ಮುಗಿದು ಐದು ವರ್ಷ ಕಳೆದರೆ ಆ ಅಡ್ಡಿ ತೆಗೆಯಲು ಅವಕಾಶವೂ ಇದೆ. ಅದೂ ಸರಿಯೇ.

ಆದರೆ ಏಜೆನ್ಸಿ ರದ್ದಾದ ಸುದ್ದಿಯನ್ನು ಈ ಅಜ್ಜಿಗೆ ಯಾರೂ ಹೇಳಿರಲಿಲ್ಲ. ಅದೇ ನನಗೆ ಜಾಸ್ತಿ ಸಂಕಟ.

ಮರುದಿನ ಇಬ್ಬರೂ ಬ್ರಾಂಚಿಗೆ ಹೋದೆವು. ಪಾಲಿಸಿ ನಂಬರ್ ಹಾಕಿ ನೋಡಿದರೆ ಐದರಲ್ಲಿ ಎರಡೇ ಕಂತು ಜಮಾ ಆಗಿದ್ದವು. ದೂರು ಬರೆದುಕೊಟ್ಟೆವು. ಅಲ್ಲಿ ಆಗದಿದ್ದರೆ ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐಯ 155255ಕ್ಕೆ ಫೋನ್ ಮಾಡುತ್ತೇನೆ.

ಚೀಟಿಗಳ ಜೆರಾಕ್ಸ್ ಮಾಡಿಸಿ ವಾಪಸ್ ಕೊಟ್ಟೆ. ಅಜ್ಜಿ ಮತ್ತೆ ಸೆರಗಿಗೆ ಕಟ್ಟಿಕೊಂಡರು.