18 ಎಂಬಿ ಉಳಿಸಿದ ಕಥೆ

ನಮ್ಮ ಲ್ಯಾಬಿನ ಅಟೆಂಡರ್ ಈಗ ನನ್ನನ್ನು ನಂಬುವುದಿಲ್ಲ. ಪರೀಕ್ಷೆಯ ಹಿಂದಿನ ಸಂಜೆ ನಾನು ಎಲ್ಲ ಸರಿಯಾಗಿದೆ ಎಂದು ಎಷ್ಟೇ ಹೇಳಿದರೂ ಅವರು ತಲೆಯಾಡಿಸುತ್ತಾರೆ, ಒಳಗೆ ಹೋಗುತ್ತಾರೆ, ಯಾವುದೋ ಒಂದು ಯಂತ್ರ ಹಾಕಿ ಲಾಗಿನ್ ಆಗಿ ಎರಡಕ್ಷರ ಟೈಪ್ ಮಾಡಿ ನೋಡಿಯೇ ಬಾಗಿಲಿಗೆ ಬೀಗ ಹಾಕುತ್ತಾರೆ. ತಪ್ಪೇನಿಲ್ಲ. ಅಂದು ಅವರ ಮಾತು ಕೇಳಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ನಮ್ಮದು ತಾಲ್ಲೂಕು ಕೇಂದ್ರದ ಒಂದು ಪದವಿ ಕಾಲೇಜು. ಲ್ಯಾಬಿನಲ್ಲಿ 24 ಯಂತ್ರಗಳು. ಎಲ್ಲವೂ ಹಳೆಯ ಕೋರ್ 2 ಡ್ಯುಯೋ ಪ್ರೊಸೆಸರ್ ಕಾಲದವು, 2 ಜಿಬಿ ರ್‍ಯಾಮ್, ತಿರುಗುವ ಹಾರ್ಡ್ ಡಿಸ್ಕ್. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ರಂದು ಎಳ್ಳುನೀರು ಬಿಟ್ಟ ಮೇಲೂ ನಾವು ಅದರಲ್ಲೇ ಕಾಲ ತಳ್ಳಿದೆವು. ವಿಂಡೋಸ್ 11 ಕನಿಷ್ಠ 4 ಜಿಬಿ ರ್‍ಯಾಮ್ ಕೇಳುತ್ತದೆ, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಕೇಳುತ್ತದೆ, ಹಾಗಾಗಿ ಆ ಕಡೆ ತಲೆ ಹಾಕಿ ಮಲಗುವಂತೆಯೂ ಇರಲಿಲ್ಲ. ಹೊಸ ಯಂತ್ರಗಳಿಗೆ ಬರೆದ ಪತ್ರಕ್ಕೆ ಆಡಳಿತ ಮಂಡಳಿ ಕೊಡುವ ಉತ್ತರ ಒಂದೇ: "ಓಡುತ್ತಿವೆಯಲ್ಲ?" ಓಡುತ್ತಿದ್ದವು ನಿಜ. ಮೊದಲ ಪೀರಿಯಡ್‌ನಲ್ಲಿ ಸ್ವಿಚ್ ಹಾಕಿದರೆ ಹಾಜರಿ ಕರೆದು ಮುಗಿಯುವ ಹೊತ್ತಿಗೆ ಡೆಸ್ಕ್‌ಟಾಪ್ ಕಾಣಿಸುತ್ತಿತ್ತು.

ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕೋಣ ಎಂದು ವಿಭಾಗದಲ್ಲಿ ನಾನೇ ಬಾಯಿ ಹಾಕಿದೆ. ಬಾಯಿ ಹಾಕಿದವನ ತಲೆಗೇ ಕೆಲಸ ಬೀಳುವುದು ನಮ್ಮಲ್ಲಿ ಅಲಿಖಿತ ನಿಯಮ.

ಲಿನಕ್ಸಿನ ಒಂದು ರೂಪವಾದ ಡೆಬಿಯನ್ 12 ಇಳಿಸಿಕೊಂಡು ಮೂಲೆಯ ಒಂದು ಯಂತ್ರದಲ್ಲಿ ಪ್ರಯೋಗ ಶುರುಮಾಡಿದೆ. ಅದರಲ್ಲಿ ಡೆಸ್ಕ್‌ಟಾಪ್ ಯಾವುದಿರಬೇಕೆಂದು ನಾವೇ ಆಯ್ದುಕೊಳ್ಳಬಹುದು. ಗ್ನೋಮ್ ಎಂಬುದು ನೋಡಲು ಚೆಂದ, ಆದರೆ ಏನೂ ತೆರೆಯದೆ ಸುಮ್ಮನೆ ಕುಳಿತಾಗಲೇ ಅರ್ಧಕ್ಕಿಂತ ಹೆಚ್ಚು ರ್‍ಯಾಮ್ ನುಂಗಿತು. ಆಮೇಲೆ ಎಲ್‌ಎಕ್ಸ್‌ಕ್ಯೂಟಿ. ತೈವಾನಿನ ಹಾಂಗ್ ಜೆನ್ ಯೀ 2006ರಲ್ಲಿ ಶುರುಮಾಡಿದ ಎಲ್‌ಎಕ್ಸ್‌ಡಿಇ ಎಂಬ ಹಗುರ ಡೆಸ್ಕ್‌ಟಾಪ್‌ನ ಮುಂದಿನ ತಲೆಮಾರು ಅದು; ರೇಜರ್ ಕ್ಯೂಟಿ ಎಂಬ ಇನ್ನೊಂದು ಯೋಜನೆಯೊಂದಿಗೆ ಕೂಡಿಕೊಂಡು 2014ರಲ್ಲಿ ಮೊದಲು ಹೊರಬಂತು. ನಮ್ಮ ಯಂತ್ರದಲ್ಲಿ 350 ಎಂಬಿಯ ಆಸುಪಾಸಿನಲ್ಲಿ ನಿಂತಿತು. ಕೊನೆಗೆ ಎಕ್ಸ್‌ಎಫ್‌ಸಿಇ: ಅದಕ್ಕಿಂತ ಸುಮಾರು 100 ಎಂಬಿ ಹೆಚ್ಚು. 1996ರಿಂದ ನಡೆದುಬಂದಿರುವ, ಇಲಿಯ ಲಾಂಛನದ ಈ ಡೆಸ್ಕ್‌ಟಾಪ್‌ನಲ್ಲಿ ಕಣ್ಣು ಕುಕ್ಕುವಂಥದ್ದು ಏನೂ ಇಲ್ಲ. ಎಲ್ಲಿ ಏನಿರಬೇಕೋ ಅಲ್ಲಿ ಅದಿರುತ್ತದೆ. ವಿಂಡೋಸ್ 7 ಬಿಟ್ಟು ಬೇರೆ ಕಂಡಿರದ ಹುಡುಗರನ್ನು ಕೂರಿಸಿ ನೋಡಿದೆ. ಯಾರೂ ಏನೂ ಕೇಳಲಿಲ್ಲ, ನೇರವಾಗಿ ಮೆನು ತೆರೆದು ಜೀನಿ ಎಂಬ ಎಡಿಟರ್ ಹುಡುಕಿಕೊಂಡು ಕೋಡ್ ಬರೆಯತೊಡಗಿದರು. ಎಕ್ಸ್‌ಎಫ್‌ಸಿಇ ಗೆದ್ದದ್ದು ಅಲ್ಲಿ, ಎಂಬಿ ಲೆಕ್ಕದಲ್ಲಲ್ಲ.

ಈ ಮಾತನ್ನು ನಾನು ಆಗಲೇ ನೆನಪಿಟ್ಟುಕೊಳ್ಳಬೇಕಿತ್ತು.

ಕಚೇರಿಯ ಯಂತ್ರಕ್ಕೂ ಹಾಕಿಕೊಡುವ ಉತ್ಸಾಹ ಬಂದಿತ್ತು. ಕನ್ನಡ ಟೈಪಿಂಗ್‌ಗೆ ಐಬಸ್ ಎಂಬ ತಂತ್ರಾಂಶ ಹಾಕಿ, ನುಡಿಯಲ್ಲಿ ಇರುವಂಥದ್ದೇ ಕೆಜಿಪಿ ಕೀಲಿಮಣೆ ಆರಿಸಿ, "ಮೇಡಂ, ನಿಮ್ಮ ಬೆರಳಿಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ" ಎಂದೆ. ಬೆರಳಿಗೆ ಗೊತ್ತಾಗಲಿಲ್ಲ, ಕಣ್ಣಿಗೆ ಗೊತ್ತಾಯಿತು. ಯೂನಿಕೋಡ್ ಪೂರ್ವದ ನುಡಿ ಅಕ್ಷರಶೈಲಿಯಲ್ಲಿದ್ದ ಹತ್ತಾರು ವರ್ಷಗಳ ಪತ್ರಗಳು ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಪೆನ್ ಡ್ರೈವ್ ಎತ್ತಿಕೊಂಡು ಹೊರಬಂದೆ.

ಲ್ಯಾಬಿನಲ್ಲೂ ಒಂದು ಭ್ರಮೆ ಬೇಗ ಕಳಚಿತು. ಡೆಸ್ಕ್‌ಟಾಪ್ ಹಗುರಾದರೆ ಯಂತ್ರವೇ ಹಗುರಾಯಿತು ಎಂದುಕೊಂಡಿದ್ದೆ. ಫೈರ್‌ಫಾಕ್ಸ್ ತೆರೆದು ವಿಶ್ವವಿದ್ಯಾಲಯದ ಪುಟ ಒಂದು, ವೀಡಿಯೋ ಒಂದು ಹಾಕಿದೆ. ನಾನು ವಾರಗಟ್ಟಲೆ ಉಳಿಸಿದ್ದನ್ನೆಲ್ಲ ಅದು ಎರಡು ಟ್ಯಾಬಿನಲ್ಲಿ ತಿಂದು, ರ್‍ಯಾಮ್ ಸಾಲದಾಗ ಡಿಸ್ಕ್‌ನಲ್ಲಿ ಬಳಸುವ ಸ್ವಾಪ್ ಜಾಗಕ್ಕೂ ಕೈ ಹಾಕಿತು. ಹಾರ್ಡ್ ಡಿಸ್ಕ್ ಕರಕರ ಎನ್ನತೊಡಗಿತು. ಮನೆಯವರೆಲ್ಲ ಉಪವಾಸ ಮಾಡಿ ಉಳಿಸಿದ ಅಕ್ಕಿಯನ್ನು ಒಬ್ಬ ನೆಂಟ ಬಂದು ಉಂಡುಹೋದಂತೆ. ಜೀನಿ, ಜಿಸಿಸಿ ಕಂಪೈಲರ್, ಆದೇಶ ಟೈಪ್ ಮಾಡುವ ಟರ್ಮಿನಲ್ ಇಷ್ಟೇ ಬಳಸುವ ಡೇಟಾ ಸ್ಟ್ರಕ್ಚರ್ ಲ್ಯಾಬಿಗೆ ಇದರಿಂದ ತೊಂದರೆಯಿರಲಿಲ್ಲವಾದ್ದರಿಂದ ಮುಂದುವರಿದೆ.

ಇಲ್ಲಿಂದಾಚೆಗೆ ಆದದ್ದು ಶುದ್ಧ ನನ್ನ ಚಪಲ.

ಪ್ರತಿದಿನ ಸಂಜೆ, ಎಷ್ಟು ರ್‍ಯಾಮ್ ಬಳಕೆಯಲ್ಲಿದೆ ಎಂದು ತೋರಿಸುವ ಫ್ರೀ ಆದೇಶ ಕೊಟ್ಟು ಅಂಕಿ ನೋಡುವುದು ಚಟವಾಗಿಬಿಟ್ಟಿತ್ತು. ಬ್ಲೂಟೂತ್ ತೆಗೆದೆ, ಮುದ್ರಕದ ಸೇವೆ ನಿಲ್ಲಿಸಿದೆ, ನೆರಳು-ಪಾರದರ್ಶಕತೆಯ ಕಂಪೋಸಿಟರ್ ಬಂದ್ ಮಾಡಿದೆ. ಒಂದೊಂದಕ್ಕೂ ಐದು, ಹತ್ತು ಎಂಬಿ ಇಳಿಯುತ್ತಿತ್ತು. ವಿಭಾಗದವರ ವಾಟ್ಸ್‌ಆ್ಯಪ್ ಗುಂಪಿಗೆ ಅಂಕಿಯ ಫೋಟೋ ಹಾಕುತ್ತಿದ್ದೆ, ಯಾರೋ ಒಬ್ಬರು ಹೆಬ್ಬೆರಳು ಎತ್ತುತ್ತಿದ್ದರು. ಪ್ರಾಯೋಗಿಕ ಪರೀಕ್ಷೆಗೆ ಎರಡು ದಿನ ಇರುವಾಗ, ಪರದೆಯ ಕಿಟಕಿಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ ಆದ ವಿಂಡೋ ಮ್ಯಾನೇಜರನ್ನೇ ಬದಲಿಸಿದರೆ ಹೇಗೆ ಎಂಬ ಯೋಚನೆ ಬಂತು. ಎಕ್ಸ್‌ಎಫ್‌ಸಿಇಯ ಸ್ವಂತದ್ದನ್ನು ನಿಲ್ಲಿಸಿ ಓಪನ್‌ಬಾಕ್ಸ್ ಎಂಬ ಇನ್ನೊಂದನ್ನು ಎಬ್ಬಿಸಿದೆ. ಸರಿಯಾದ ಅಂಕಿ ಬೇಕೆಂದರೆ ಹೊಸದಾಗಿ ಲಾಗಿನ್ ಆಗಬೇಕಲ್ಲ, ಲಾಗ್‌ಔಟ್ ಕೊಟ್ಟೆ. ಆ ಕಿಟಕಿಯ ಕೆಳಗೆ ಒಂದು ಚೌಕ ಇರುತ್ತದೆ, ಮುಂದಿನ ಲಾಗಿನ್‌ಗಾಗಿ ಸೆಷನ್, ಅಂದರೆ ಈಗ ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ, ಉಳಿಸಬೇಕೇ ಎಂದು ಕೇಳುವುದು. ಅದರಲ್ಲಿ ಟಿಕ್ ಹಾಕಿದೆ. ಮತ್ತೆ ಒಳಬಂದೆ. 18 ಎಂಬಿ ಕಡಿಮೆ.

ಫೋಟೋ ತೆಗೆದೆ. ಆಮೇಲೆ ನೋಡಿದರೆ ಕಿಟಕಿಗಳ ಪಟ್ಟಿ, ಗುಂಡಿಗಳು ಎಲ್ಲವೂ ಬೇರೆ ರೂಪ. ಪರೀಕ್ಷೆಯ ದಿನ ಹುಡುಗರಿಗೆ ಗಲಿಬಿಲಿಯಾಗುವುದು ಬೇಡವೆಂದು ಓಪನ್‌ಬಾಕ್ಸ್ ಪ್ಯಾಕೇಜನ್ನು ಏಪ್ಟ್ ಎಂಬ ಆದೇಶದಿಂದ ತೆಗೆದುಹಾಕಿದೆ. ಇಲ್ಲೇ ಎಡವಿದ್ದು. ಪ್ಯಾಕೇಜು ಡಿಸ್ಕ್‌ನಿಂದ ಹೋಯಿತು, ಆದರೆ ರ್‍ಯಾಮಿನಲ್ಲಿ ಆಗಲೇ ಓಡುತ್ತಿದ್ದ ಓಪನ್‌ಬಾಕ್ಸ್ ಓಡುತ್ತಲೇ ಇತ್ತು. ಪರದೆಯ ಮೇಲೆ ಒಂದು ಕೂದಲೂ ಅಲುಗಲಿಲ್ಲ. ಮುಂದಿನ ಸಲ ತನ್ನಷ್ಟಕ್ಕೆ ಹಳೆಯದೇ ಬರುತ್ತದೆ ಎಂದುಕೊಂಡು ಶಟ್‌ಡೌನ್ ಕೊಟ್ಟೆ. ಟಿಕ್ ಹಾಗೇ ಇತ್ತು.

ಆ ಯಂತ್ರದ ಡಿಸ್ಕಿನ ಪಡಿಯಚ್ಚು, ಅಂದರೆ ಇಮೇಜ್, ತೆಗೆದು ಉಳಿದ ಯಂತ್ರಗಳಿಗೆ ಇಳಿಸುವುದು ಬಾಕಿಯಿತ್ತು. ಗಂಟೆ ಆರೂವರೆ. ಏಳಕ್ಕೆ ನನ್ನ ಕೊನೆಯ ಬಸ್. ಅಟೆಂಡರ್ ಕೇಳಿದರು: "ಸರ್, ಇಮೇಜ್ ತೆಗೆಯುವ ಮೊದಲು ಒಮ್ಮೆ ಹಾಕಿ ನೋಡಿಬಿಡೋಣವೇ?"

"ಅದರಲ್ಲಿ ನೋಡುವುದೇನಿದೆ? ಈಗ ತಾನೇ ಆರಿಸಿದೆನಲ್ಲ" ಎಂದೆ.

ಡಿಸ್ಕ್ ನಕಲು ಮಾಡುವ ಕ್ಲೋನ್‌ಜಿಲ್ಲಾದಲ್ಲಿ ಇಮೇಜ್ ತೆಗೆದಿಟ್ಟು ಹೊರಟೆ. ಮರುದಿನವೆಲ್ಲ ಮೂರು ಪೆನ್ ಡ್ರೈವ್ ಹಿಡಿದು ಸಾಲಿನಿಂದ ಸಾಲಿಗೆ ಓಡಾಡಿ ಉಳಿದ 23ಕ್ಕೂ ಇಳಿಸಿದೆವು. ಎಲ್ಲ ಯಂತ್ರಗಳೂ ಲಾಗಿನ್ ಪರದೆಯವರೆಗೆ ಬಂದವು. ಅಷ್ಟು ಕಂಡರೆ ಸಾಕೆಂದು ಒಂದೊಂದನ್ನೇ ಆರಿಸುತ್ತ ಬಂದೆ. ಸ್ವಲ್ಪ ಹೆಮ್ಮೆಯೂ ಆಯಿತು.

ಪರೀಕ್ಷೆಯ ಬೆಳಿಗ್ಗೆ 10ಕ್ಕೆ ಎಕ್ಸ್‌ಟರ್ನಲ್, ಅಂದರೆ ಹೊರಗಿನಿಂದ ಬರುವ ಪರೀಕ್ಷಕರು, ಬಂದು ಕುಳಿತರು. ಮೊದಲ ಬ್ಯಾಚ್‌ನ 20 ಜನ ಸ್ಲಿಪ್ ಎತ್ತಿಕೊಂಡು ಪಾಸ್‌ವರ್ಡ್ ಹೊಡೆದರು. ಬೇಗ ಬಂತು ಡೆಸ್ಕ್‌ಟಾಪ್, ಹಿಂದೆಂದೂ ಬಾರದಷ್ಟು ಬೇಗ. ಎಕ್ಸ್‌ಟರ್ನಲ್ ಕಡೆ ನೋಡಿ ನಸುನಕ್ಕೆ ಎಂದೂ ನೆನಪು.

"ಸರ್, ಟೈಪ್ ಆಗುತ್ತಿಲ್ಲ."

ಮೂರನೇ ಸಾಲಿನಿಂದ ಬಂತು ಮೊದಲ ದನಿ. ಹೋಗುವಷ್ಟರಲ್ಲಿ ಪಕ್ಕದಿಂದ, ಹಿಂದಿನಿಂದ, ಎಲ್ಲ ಕಡೆಯಿಂದಲೂ ಅದೇ. ಜೀನಿ ಪರದೆಯ ಎಡ ಮೇಲ್ಮೂಲೆಗೆ ಅಂಟಿಕೊಂಡು, ಮೆನು ಇರುವ ಪ್ಯಾನೆಲ್ ಮೇಲೆಯೇ ಕುಳಿತಿದೆ. ಅದಕ್ಕೆ ಮೇಲಿನ ಪಟ್ಟಿಯಿಲ್ಲ, ಮುಚ್ಚುವ ಗುಂಡಿಯಿಲ್ಲ, ಎಳೆದರೆ ಬರುವುದಿಲ್ಲ. ಮೌಸ್ ಒತ್ತಿದರೆ ಮೆನು ತೆರೆಯುತ್ತದೆ. ಕೀಲಿ ಒತ್ತಿದರೆ ಅಕ್ಷರ ಬೀಳುವುದಿಲ್ಲ.

ಕೀಬೋರ್ಡ್ ಕೆಟ್ಟಿದೆ ಎಂದು ನಾನು ತೀರ್ಮಾನಿಸಿದೆ. ಒಂದಲ್ಲ, 20 ಕೀಬೋರ್ಡ್ ಒಟ್ಟಿಗೆ ಕೆಟ್ಟಿವೆ ಎಂದು! ಈಗ ಬರೆಯುವಾಗ ನಗು ಬರುತ್ತದೆ, ಆಗ ಅದೇ ಏಕೈಕ ಸತ್ಯದಂತೆ ಕಂಡಿತ್ತು. ಏಳನೇ ಯಂತ್ರದ್ದನ್ನು ಕಿತ್ತು ನಾಲ್ಕನೆಯದಕ್ಕೆ ಹಾಕಿದೆ, ನಾಲ್ಕರದ್ದನ್ನು ಮುಂದಿನ ಪೋರ್ಟಿನಿಂದ ಹಿಂದಿನ ಪೋರ್ಟಿಗೆ ಬದಲಿಸಿದೆ. ನಮ್ ಲಾಕ್ ಒತ್ತಿದರೆ ದೀಪ ಹೊತ್ತುತ್ತದೆ, ಆರುತ್ತದೆ. ಯುಪಿಎಸ್ ಮೇಲೆ ಅನುಮಾನ ಬಂತು. ಬೆನ್ನು ಒದ್ದೆಯಾಗಿತ್ತು. ಗಡಿಯಾರ 10 ಗಂಟೆ 14 ನಿಮಿಷ ತೋರಿಸುತ್ತಿತ್ತು. ಮೇಜಿನ ಕೆಳಗೆ ನುಗ್ಗಿ ಐದನೇ ಕೇಬಲ್ ಎಳೆಯುತ್ತಿದ್ದಾಗ ಮೇಲಿನಿಂದ ಒಬ್ಬ ಹುಡುಗಿಯ ಮೆಲುದನಿ ಕೇಳಿಸಿತು.

"ಸರ್, ಕೀಬೋರ್ಡ್ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಪಾಸ್‌ವರ್ಡ್ ಅದರಲ್ಲೇ ಹೊಡೆದೆವಲ್ಲ?"

ನಾನು ಸ್ವಲ್ಪ ಹೊತ್ತು ಮೇಜಿನ ಕೆಳಗೇ ಇದ್ದೆ. ಹೊರಗೆ ಬರುವುದಕ್ಕಿಂತ ಅಲ್ಲಿರುವುದೇ ಮೇಲು ಅನ್ನಿಸಿತ್ತು.

ಎದ್ದು ಬಂದು ಕಂಟ್ರೋಲ್, ಆಲ್ಟ್, ಎಫ್3 ಒತ್ತಿದೆ. ಡೆಸ್ಕ್‌ಟಾಪಿನ ಹಂಗಿಲ್ಲದ ಕಪ್ಪು ಪರದೆ, ಬಿಳಿ ಅಕ್ಷರ. ಹೊಡೆದದ್ದೆಲ್ಲ ಲಕ್ಷಣವಾಗಿ ಬೀಳುತ್ತಿತ್ತು. ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೆಗೆದರೆ ಪ್ಯಾನೆಲ್ ಇದೆ, ಡೆಸ್ಕ್‌ಟಾಪ್ ಇದೆ, ಜೀನಿ ಇದೆ. ವಿಂಡೋ ಮ್ಯಾನೇಜರ್ ಮಾತ್ರ ಇಲ್ಲ. ಕಿಟಕಿಗೆ ಪಟ್ಟಿ ಕಟ್ಟುವುದು, ಸರಿಸುವುದು, ಕೀಲಿ ಒತ್ತಿದ್ದು ಯಾವ ಕಿಟಕಿಗೆ ಸೇರಬೇಕೆಂದು ಹೇಳುವುದು ಎಲ್ಲವೂ ಅದರ ಕೆಲಸ. ಉಳಿಸಿಟ್ಟ ಸೆಷನ್‌ನಲ್ಲಿ ಓಪನ್‌ಬಾಕ್ಸ್ ಎಬ್ಬಿಸು ಎಂದು ಬರೆದಿತ್ತು. ಓಪನ್‌ಬಾಕ್ಸನ್ನು ನಾನೇ ತೆಗೆದಿದ್ದೆ. ಹಳೆಯದನ್ನು ಎಬ್ಬಿಸು ಎಂದು ಯಾರೂ ಹೇಳಿರಲಿಲ್ಲವಾದ್ದರಿಂದ ಅದು ಏಳಲಿಲ್ಲ. ಒಂದು ಯಂತ್ರದ ತಪ್ಪನ್ನು ಇಡೀ ದಿನ ಕಷ್ಟಪಟ್ಟು 24ಕ್ಕೆ ಹಂಚಿದ್ದೆವು.

ಮದ್ದು ಸರಳ. ಬಳಕೆದಾರನ ಕಡತಕೋಶದೊಳಗೆ ಹೆಸರಿನ ಮೊದಲಿಗೆ ಚುಕ್ಕಿಯಿದ್ದು ಮಾಮೂಲಾಗಿ ಕಣ್ಣಿಗೆ ಬೀಳದ ಕ್ಯಾಶ್ ಎಂಬುದರಲ್ಲಿ ಸೆಷನ್ಸ್ ಎಂಬ ಕೋಶವಿರುತ್ತದೆ. ಅದನ್ನು ಅಳಿಸಿ ಮತ್ತೆ ಬೂಟ್ ಮಾಡಿದರೆ ಎಕ್ಸ್‌ಎಫ್‌ಸಿಇ ತನ್ನ ಮೂಲ ಪಟ್ಟಿಯಿಂದ ಶುರುವಾಗಿ ತನ್ನದೇ ಮ್ಯಾನೇಜರನ್ನು ಎಬ್ಬಿಸುತ್ತದೆ. ಒಬ್ಬನೇ 20 ಯಂತ್ರಕ್ಕೆ ಓಡುವ ಬದಲು ಆ ಒಂದು ಸಾಲಿನ ಆದೇಶವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಹುಡುಗರಿಂದಲೇ ಹೊಡೆಸಲು ಹೊರಟೆ. ಎಕ್ಸ್‌ಟರ್ನಲ್ ಎದ್ದು ನಿಂತರು.

"ಏನಿದು? ಪರೀಕ್ಷೆಯ ಹೊತ್ತಿನಲ್ಲಿ ಬೋರ್ಡ್ ಮೇಲೆ ಕೋಡ್ ಬರೆದುಕೊಡುತ್ತಿದ್ದೀರಾ?"

ಅವರಿಗೆ ತಿಳಿಹೇಳುವುದಕ್ಕೆ ನಾಲ್ಕು ನಿಮಿಷ ಹೋಯಿತು. ಅತ್ತ ಅಟೆಂಡರ್ ಸಾಲಿನ ನಡುವೆ ನಡೆಯುತ್ತ, "ಕ್ಯಾಶ್ ಹಿಂದೆ ಚುಕ್ಕಿ ಇದೆ, ಚುಕ್ಕಿ ಮರೆಯಬೇಡಿ" ಎಂದು ಕೂಗುತ್ತಿದ್ದರು. ಅವರಿಗೆ ಆ ಚುಕ್ಕಿ ಏನೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿದ್ದೂ ಏನು ಬಂತು? ಪರೀಕ್ಷೆ ಶುರುವಾದಾಗ 10 ಗಂಟೆ 37 ನಿಮಿಷ.

ಆ ಸಂಜೆಯೇ ಕಿಯೋಸ್ಕ್ ಎಂಬ ನಿರ್ಬಂಧಗಳ ಕಡತ ಬರೆದು ಸೆಷನ್ ಉಳಿಸುವ ಹಕ್ಕನ್ನು ಎಲ್ಲರಿಂದಲೂ ಕಿತ್ತುಕೊಂಡೆ, ಮೊದಲು ನನ್ನಿಂದ. ಪರೀಕ್ಷೆಗೆ ವಾರವಿರುವಾಗ ಇಮೇಜ್ ಮುಟ್ಟುವುದಿಲ್ಲ. ಇಮೇಜ್ ತೆಗೆಯುವ ಮೊದಲು ಯಂತ್ರ ಆರಿಸಿ, ಹಾಕಿ, ಲಾಗಿನ್ ಆಗಿ, ಟೈಪ್ ಮಾಡಿ ನೋಡುವುದು ಅಟೆಂಡರ್ ಕೆಲಸ. ಅವರು ಒಪ್ಪಿದರೆ ಮಾತ್ರ ಮುಂದೆ. ಎಕ್ಸ್‌ಎಫ್‌ಸಿಇ ಇವತ್ತಿಗೂ ಓಡುತ್ತಿದೆ, ಅದರ ಮೇಲೆ ನನಗೆ ದೂರಿಲ್ಲ. ಆ ಟಿಕ್ ಚೌಕವನ್ನು ಲಾಗ್‌ಔಟ್ ಗುಂಡಿಗಳ ಕೆಳಗೆ ಇಟ್ಟವರ ಮೇಲೆ ಸ್ವಲ್ಪ ಇದೆ.

37 ನಿಮಿಷ ತಡವಾದದ್ದಕ್ಕೆ ಲಿಖಿತ ವಿವರಣೆ ಕೇಳಿ ಮೆಮೊ ಬಂತು. ಸುಳ್ಳೇಕೆ ಬರೆಯಬೇಕೆಂದು, "ಲ್ಯಾಬಿನ ಯಂತ್ರಗಳಲ್ಲಿ ವಿಂಡೋ ಮ್ಯಾನೇಜರ್ ಇಲ್ಲದಿದ್ದ ಕಾರಣ ವಿಳಂಬವಾಯಿತು" ಎಂದು ಒಂದೇ ಸಾಲು ಬರೆದುಕೊಟ್ಟೆ. ಮರುವಾರ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಕರೆಸಿದರು. ಕಾಗದ ಅವರ ಮುಂದಿತ್ತು, ಆ ಎರಡು ಪದಗಳ ಕೆಳಗೆ ಕೆಂಪು ಗೆರೆ.

"ಈ ಮ್ಯಾನೇಜರ್ ಹುದ್ದೆಗೆ ನಾವು ಯಾವಾಗ ಮಂಜೂರಾತಿ ಕೊಟ್ಟೆವು? ಸಂಬಳ ಎಷ್ಟು?"

"ಸಂಬಳವಿಲ್ಲ ಸರ್. ಪೂರ್ತಿ ಉಚಿತ."

ಅವರ ಮುಖ ಅರಳಿತು. "ಹಾಗಾದರೆ ಇಬ್ಬರನ್ನು ಇಟ್ಟುಕೊಳ್ಳಬೇಕಿತ್ತಲ್ಲ? ಒಬ್ಬರು ಬರದಿದ್ದರೆ ಇನ್ನೊಬ್ಬರು ನೋಡಿಕೊಳ್ಳುತ್ತಿದ್ದರು."

"ಇಬ್ಬರನ್ನು ಇಟ್ಟುಕೊಳ್ಳಲು ಹೋಗಿಯೇ ಹೀಗಾದದ್ದು ಸರ್" ಎಂದೆ.