ವೈಫೈ ಸಿಕ್ಕಿದೆ, ಲಾಗಿನ್ ಪುಟ ಬರುತ್ತಿಲ್ಲ

ಶನಿವಾರ, 14 ಜೂನ್ 2025

ರೈಲ್ವೆ ಸ್ಟೇಷನ್ನಿನ ರೈಲ್‌ವೈರ್ ವೈಫೈನಲ್ಲಿ ಮೊಬೈಲ್ ನಂಬರ್ ಕೊಟ್ಟು, ಬಂದ ಓಟಿಪಿ ಹಾಕಿದ ಮೇಲಷ್ಟೇ ದಿನದ ಉಚಿತ 30 ನಿಮಿಷ ಶುರುವಾಗುವುದು. ನಂಬರ್ ಕೇಳುವ ಪುಟವೇ ಬಾರದಿದ್ದರೆ ‘ನೆಟ್ ಸರಿಯಿಲ್ಲ’ ಅಂತ ಕೈಬಿಡುವವರೇ ಜಾಸ್ತಿ. ಬಹಳ ಸಲ ನೆಟ್ ಸರಿಯಾಗಿಯೇ ಇರುತ್ತದೆ.

ಲಾಗಿನ್ ಆಗುವ ತನಕ ವೈಫೈ ಕಡೆಯವರು ನಾವು ಕೇಳಿದ ಪುಟವನ್ನು ತಡೆದು ತಮ್ಮ ಪುಟ ತೋರಿಸುತ್ತಾರೆ. ಗೂಢಲಿಪಿ ಇಲ್ಲದ ಸಾದಾ ಎಚ್‌ಟಿಟಿಪಿ ವಿಳಾಸಕ್ಕೆ ಇದು ನಡೆಯುತ್ತದೆ, ಗೂಢಲಿಪಿ ಇರುವ ಎಚ್‌ಟಿಟಿಪಿಎಸ್‌ಗೆ ನಡೆಯುವುದಿಲ್ಲ. ಅದಕ್ಕೆ ಆ ಸೈಟಿನದೇ ಸರ್ಟಿಫಿಕೇಟ್, ಅಂದರೆ ಸೈಟು ಅಸಲಿ ಅಂತ ತೋರಿಸುವ ಡಿಜಿಟಲ್ ಗುರುತು ಬೇಕು, ಅದು ವೈಫೈ ಕಡೆಯವರ ಹತ್ತಿರ ಇಲ್ಲ. ಹಾಗಾಗಿ ಜಿಮೇಲ್ ತೆರೆಯಲು ಹೋದರೆ ಚಕ್ರ ತಿರುಗುತ್ತಲೇ ಇರುತ್ತದೆ, ಇಲ್ಲವೇ ಸರ್ಟಿಫಿಕೇಟ್ ಎಚ್ಚರಿಕೆ ಬರುತ್ತದೆ. ಆ ಎಚ್ಚರಿಕೆ ದಾಟಿ ಮುಂದೆ ಹೋಗಲೇಬೇಡಿ, ಬ್ಯಾಂಕಿನ ಸೈಟಾದರಂತೂ ಖಂಡಿತಾ ಬೇಡ.

ಫೈರ್‌ಫಾಕ್ಸ್ ತಾನೇ ಒಂದು ಎಚ್‌ಟಿಟಿಪಿ ವಿಳಾಸವನ್ನು ಕೇಳಿ ನೋಡುತ್ತದೆ. ಬರಬೇಕಾದ ಉತ್ತರ ಬಾರದಿದ್ದರೆ ಕಿಟಕಿಯ ಮೇಲ್ತುದಿಯಲ್ಲಿ ಒಂದು ಅಡ್ಡಪಟ್ಟಿ ತೋರಿಸುತ್ತದೆ, ಅದರಲ್ಲೇ ಲಾಗಿನ್ ಪುಟದ ಬಟನ್. ಪಟ್ಟಿ ಬಾರದಿದ್ದರೆ ವಿಳಾಸದ ಜಾಗದಲ್ಲಿ ‘ಅಬೌಟ್:ಕಾನ್ಫಿಗ್’ (about:config) ಟೈಪ್ ಮಾಡಿ ತೆರೆದು ‘ಕ್ಯಾಪ್ಟಿವ್-ಪೋರ್ಟಲ್’ (captive-portal, ಇಂಥ ಲಾಗಿನ್ ಪುಟದ ಹೆಸರು) ಅಂತ ಹುಡುಕಿ. ‘ಸರ್ವಿಸ್ ಎನೇಬಲ್ಡ್’ ಸಾಲು ‘ಟ್ರೂ’ ಇರಬೇಕು. ಬೇರೆ ಬ್ರೌಸರಿನಲ್ಲಿ ‘ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್’ ಬುಕ್‌ಮಾರ್ಕ್ ಮಾಡಿಡಿ, ವಿಳಾಸದ ಆರಂಭದಲ್ಲಿ ‘http://’ ಅಂತ ಪೂರ್ತಿ ಬರೆದು. ಎಚ್‌ಟಿಟಿಪಿಎಸ್ ಬಳಸದೆ ಇರುವುದೇ ಆ ಸೈಟಿನ ಕೆಲಸ. ಸೆಟ್ಟಿಂಗ್ಸ್‌ನ ‘ಆನ್ ಸ್ಟಾರ್ಟಪ್’ನಲ್ಲಿ ಅದನ್ನೇ ಹಾಕಿಟ್ಟರೆ ಬ್ರೌಸರ್ ತೆರೆದ ಕೂಡಲೇ ಲಾಗಿನ್ ಪುಟ ಎದುರಿಗಿರುತ್ತದೆ.

ಇಷ್ಟಾದರೂ ಬಾರದಿದ್ದರೆ ಡಿಎನ್‌ಎಸ್ (ಸೈಟಿನ ಹೆಸರಿನಿಂದ ಅದರ ಅಂಕಿ-ವಿಳಾಸ ಹುಡುಕಿ ಕೊಡುವ ವ್ಯವಸ್ಥೆ) ನೋಡಿ. ಲ್ಯಾಪ್‌ಟಾಪಿನಲ್ಲಿ 8.8.8.8 ಅಥವಾ 1.1.1.1 ಅಂತ ಹೊರಗಿನ ಡಿಎನ್‌ಎಸ್ ವಿಳಾಸವನ್ನು ಕೈಯಾರೆ ಹಾಕಿದ್ದರೆ ಲಾಗಿನ್‌ಗೆ ಮುಂಚೆ ಅಲ್ಲಿಗೆ ದಾರಿ ಇಲ್ಲದೆ ಹೋಗಬಹುದು, ಆಟೋಮ್ಯಾಟಿಕ್‌ಗೆ ತನ್ನಿ. ಆಂಡ್ರಾಯ್ಡಿನಲ್ಲಿ ಪ್ರೈವೇಟ್ ಡಿಎನ್‌ಎಸ್‌ಗೆ ಒಂದು ಹೆಸರು ಕೊಟ್ಟಿಟ್ಟವರಿಗೂ ಇದೇ ತೊಂದರೆ. ಅದು 853ನೇ ಪೋರ್ಟ್ (ನೆಟ್‌ವರ್ಕಿನ ಒಂದು ನಂಬರಿನ ಬಾಗಿಲು) ಬಳಸುತ್ತದೆ, ಆ ಪೋರ್ಟ್ ಮುಚ್ಚಿದ್ದರೆ ಕ್ರೋಮಿನಲ್ಲಿ ಏನು ಟೈಪ್ ಮಾಡಿದರೂ ಪುಟ ಬರುವುದಿಲ್ಲ. ಲಾಗಿನ್ ಆಗುವ ತನಕ ಅದನ್ನು ಆಫ್ ಮಾಡಿ, ವಿಪಿಎನ್ (ನೆಟ್ ಬಳಕೆಯನ್ನು ಬೇರೆ ಸರ್ವರ್ ಮೂಲಕ ಗುಟ್ಟಾಗಿ ಸಾಗಿಸುವ ಆ್ಯಪ್) ಇದ್ದರೆ ಅದನ್ನೂ ಆಫ್ ಮಾಡಿ. ಹಳೇ ನೆಟ್‌ವರ್ಕನ್ನು ‘ಫರ್ಗೆಟ್’ ಮಾಡಿ ಮತ್ತೆ ಸೇರಿಕೊಂಡರೂ ಕೆಲವೊಮ್ಮೆ ಪುಟ ಬರುತ್ತದೆ.

ಲಾಡ್ಜು, ಕೆಫೆ ನಡೆಸುವವರಿಗೆ ಒಂದು ಮಾತು: 2020ರ ಆರ್‌ಎಫ್‌ಸಿ 8910 ಎಂಬ ಇಂಟರ್ನೆಟ್ ಮಾನದಂಡದ ಪ್ರಕಾರ, ನೆಟ್‌ವರ್ಕಿಗೆ ಸೇರಿದ ಫೋನಿಗೆ ವಿಳಾಸ ಕೊಡುವ ಡಿಎಚ್‌ಸಿಪಿಯ 114ನೇ ಆಪ್ಷನ್ನಿನಲ್ಲಿ ಪೋರ್ಟಲ್ ವಿಳಾಸವನ್ನು ಫೋನಿಗೆ ನೇರವಾಗಿ ತಿಳಿಸಬಹುದು. ಆಂಡ್ರಾಯ್ಡ್ 11, ಐಓಎಸ್ 14ರಿಂದ ಫೋನುಗಳಿಗೆ ಇದು ಅರ್ಥವಾಗುತ್ತದೆ. ನಿಮ್ಮ ರೂಟರಿನಲ್ಲಿ ಸೌಲಭ್ಯ ಇದ್ದರೆ ಹಾಕಿಸಿ, ಗಿರಾಕಿಗಳು ಕೌಂಟರಿಗೆ ಬಂದು ಕೇಳುವುದು ಕಡಿಮೆಯಾಗುತ್ತದೆ.

ಲಾಗಿನ್ ಮುಗಿದ ತಕ್ಷಣ ವಿಪಿಎನ್, ಪ್ರೈವೇಟ್ ಡಿಎನ್‌ಎಸ್ ಎರಡನ್ನೂ ಮೊದಲಿನ ಹಾಗೆ ಆನ್ ಮಾಡಿಕೊಳ್ಳಿ.