ಕಿಟಕಿ ಪಕ್ಕದ ಹುಡುಗಿ

ಕಪಾಟು ಖಾಲಿ ಮಾಡುವಾಗ ನನ್ನ ಮೊದಲ ವರ್ಷದ ಪಾಠಟಿಪ್ಪಣಿ ಪುಸ್ತಕ ಸಿಕ್ಕಿತು. ಮಂಗಳೂರಿನ ಒಂದು ಕ್ರೈಸ್ತ ಶಾಲೆ, ಏಳನೆಯ ತರಗತಿ, ಕನ್ನಡ. ಬಿ.ಎಡ್. ಮುಗಿಸಿದ ಹುರುಪಿನಲ್ಲಿ ನಲವತ್ತು ನಿಮಿಷವೂ ನಾನೇ ಮಾತನಾಡುತ್ತಿದ್ದೆ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಇದೇ ಊರಿನಿಂದ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ್ದನ್ನು ಎಷ್ಟು ಸಲ ಹೇಳಿದ್ದೆನೋ! ಪಾಪದ ಮಕ್ಕಳು.

ಒಂದು ದಿನ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಸದ್ದಿಲ್ಲದೆ ಬಂದು ಕೊನೆಯ ಬೆಂಚಿನಲ್ಲಿ ಕುಳಿತರು. ಗಂಟೆ ಹೊಡೆದ ಮೇಲೆ ಕೇಳಿದ್ದು ಇಷ್ಟೇ: “ಟೀಚರ್, ಕಿಟಕಿ ಪಕ್ಕದ ಹುಡುಗಿಯ ದನಿ ಹೇಗಿದೆ?”

ಗೊತ್ತಿರಲಿಲ್ಲ. ಜೂನ್‌ನಿಂದ ಒಮ್ಮೆಯೂ ಕೇಳಿರಲಿಲ್ಲ.

ಅವಳ ಮನೆಮಾತು ಕೊಂಕಣಿ. ಅರ್ಧ ತರಗತಿಯದ್ದು ತುಳು. ನನ್ನ ಗ್ರಾಂಥಿಕ ಕನ್ನಡ ಅವರಿಗೆ ದೂರದ ನೆಂಟ. ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಅಂದರೆ ಕರಾವಳಿಯ ಕ್ರೈಸ್ತರು ಮರಿಯ ಮಾತೆಯ ಹೆಸರಿನಲ್ಲಿ ಆಚರಿಸುವ ಹೊಸ ತೆನೆಯ ಹಬ್ಬ, ಮುಗಿದಿತ್ತು. ಪದ್ಯದಲ್ಲಿ ‘ತೆನೆ’ ಬಂದಾಗ ಅರ್ಥ ಹೇಳದೆ, ಹೊಸ ಅಕ್ಕಿಯ ಊಟಕ್ಕೆ ನಿಮ್ಮ ಮನೆಗಳಲ್ಲಿ ಏನೆನ್ನುತ್ತೀರಿ ಎಂದು ಕೇಳಿದೆ. ಹಿಂದಿನಿಂದ ಒಬ್ಬ ‘ಪುದ್ದರ್’ ಎಂದು ಕೂಗಿದ. ಕಿಟಕಿಯ ಕಡೆಯಿಂದ ಮೆಲ್ಲಗೆ ‘ನೊವೆಂ’ ಎಂದು ಕೇಳಿಸಿತು. ಆಮೇಲೆ ಅವಳು ನಿಲ್ಲಿಸಲೇ ಇಲ್ಲ. ಮಾತೆಗೆ ಹೂ ಅರ್ಪಿಸಿದ್ದು, ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ತೆನೆ, ಅಜ್ಜಿ ಅದರ ಭತ್ತ ಸುಲಿದು ಪಾಯಸಕ್ಕೆ ಹಾಕಿದ್ದು, ಆ ದಿನ ಮೀನಿಲ್ಲವೆಂದು ತಮ್ಮ ಮುನಿಸಿಕೊಂಡಿದ್ದು. ದನಿ ಸ್ವಲ್ಪ ಒರಟು, ಚೆನ್ನಾಗಿತ್ತು.

ಆ ದಿನದ ಪುಟದಲ್ಲಿ ‘ಪದ್ಯದ ಸಾರಾಂಶ: ಅಪೂರ್ಣ’ ಎಂದು ಬರೆದಿದ್ದೇನೆ. ಕೆಳಗೆ ಕೆಂಪು ಶಾಯಿಯಲ್ಲಿ ಸಿಸ್ಟರ್ ಸಹಿ.